ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ಹಾಕಿದರೂ ವೋಲ್ಟೇಜ್ ಏರದಿದ್ದರೆ: ದೋಷ ಹುಡುಕುವ ಕ್ರಮ

ಉತ್ತರ ಕನ್ನಡದಲ್ಲಿ ಸ್ಟೆಪ್ ಅಪ್, ಅಂದರೆ ವೋಲ್ಟೇಜ್ ಏರಿಸುವ, ಟ್ರಾನ್ಸ್‌ಫಾರ್ಮರ್ ಹುಡುಕಿಕೊಂಡು ಹೊರಡುವವರ ಅಗತ್ಯಗಳು ಒಂದೇ ಬಗೆಯವಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಊರಿನ ಟಿ.ಸಿ.ಯಿಂದ (ಊರಿಗೆ ವಿದ್ಯುತ್ ಹಂಚುವ ಟ್ರಾನ್ಸ್‌ಫಾರ್ಮರಿನಿಂದ) ದೂರವಿರುವ ತೋಟದ ಮನೆಗಳಲ್ಲಿ ವೋಲ್ಟೇಜ್ 180ರ ಆಸುಪಾಸಿಗೆ ಇಳಿದು ಪಂಪ್‌ಸೆಟ್ ತಿರುಗಲಾರದೆ ಗುಂಯ್‌ಗುಡುತ್ತದೆ. ಹಳ್ಳಕ್ಕೆ ಸಣ್ಣ ಟರ್ಬೈನ್ ಕೂರಿಸಿಕೊಂಡವರು ಅಲ್ಲಿ ಹುಟ್ಟಿದ ವಿದ್ಯುತ್ತನ್ನು ಅರ್ಧ ಕಿಲೋಮೀಟರು ದೂರದ ಮನೆಗೆ ನಷ್ಟವಿಲ್ಲದೆ ತರಬೇಕೆಂದು ಬಯಸುತ್ತಾರೆ. ಕಾರವಾರ, ಕುಮಟಾ ಕಡೆಯ ವರ್ಕ್‌ಶಾಪಿನವರು 415 ವೋಲ್ಟಿನ ಹಳೆಯ ವೆಲ್ಡಿಂಗ್ ಯಂತ್ರವನ್ನು ಅಗ್ಗಕ್ಕೆ ಕೊಂಡು, ತಮ್ಮಲ್ಲಿರುವ ಸಿಂಗಲ್ ಫೇಸ್ ಸಂಪರ್ಕದಲ್ಲೇ ಅದನ್ನು ನಡೆಸಲು ನೋಡುತ್ತಾರೆ. ಟ್ರಾನ್ಸ್‌ಫಾರ್ಮರ್ ತಂದು ಜೋಡಿಸಿದ ಮೇಲೆ ಇವರೆಲ್ಲರ ದೂರು ಮಾತ್ರ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಪಟ್ಟಿಯ ಮೇಲೆ ಬರೆದಷ್ಟು ವೋಲ್ಟೇಜ್ ಬರುತ್ತಿಲ್ಲ, ಪೆಟ್ಟಿಗೆ ಕೈಯಿಡಲಾರದಷ್ಟು ಬಿಸಿಯಾಗುತ್ತದೆ, ಇಲ್ಲವೇ ಸ್ವಿಚ್ ಹಾಕಿದ ಕೂಡಲೇ ಎಂ.ಸಿ.ಬಿ. (ಕರೆಂಟು ಹೆಚ್ಚಾದರೆ ತಾನಾಗಿ ಕಡಿತಗೊಳಿಸುವ ಸ್ವಿಚ್) ಬೀಳುತ್ತದೆ.

ಇಂಥ ದೂರುಗಳಲ್ಲಿ ಟ್ರಾನ್ಸ್‌ಫಾರ್ಮರೇ ಕೆಟ್ಟಿರುವ ಸಂದರ್ಭ ಕಡಿಮೆ. ಅದಕ್ಕೆ ಬಂದು ಸೇರುವ ವಿದ್ಯುತ್ತು ದುರ್ಬಲವಾಗಿರುವುದು, ಜೋಡಣೆ ತಪ್ಪಿರುವುದು ಅಥವಾ ಕೆಲಸಕ್ಕೆ ಹೊಂದದ ಟ್ರಾನ್ಸ್‌ಫಾರ್ಮರನ್ನು ಕೊಂಡಿರುವುದೇ ಹೆಚ್ಚು. ಹಾಗಾಗಿ ಅದನ್ನು ಬಿಚ್ಚಿ ವೈಂಡಿಂಗ್ ಅಂಗಡಿಗೆ ಒಯ್ಯುವ ಮೊದಲು ಇರುವ ಜಾಗದಲ್ಲೇ ಮಾಡಬೇಕಾದ ಪರೀಕ್ಷೆಗಳನ್ನು, ಯಾವುದರ ನಂತರ ಯಾವುದು ಎಂಬ ಕ್ರಮದಲ್ಲಿ ಇಲ್ಲಿ ವಿವರಿಸಲಾಗಿದೆ. ಇವುಗಳಿಗೆ ಮಲ್ಟಿಮೀಟರ್, ತಂತಿ ಬಿಚ್ಚದೆ ಕರೆಂಟು ಅಳೆಯುವ ಕ್ಲಾಂಪ್ ಮೀಟರ್, 100 ಮತ್ತು 200 ವಾಟಿನ ಹಳೆಯ ತಂತಿಯ ಬಲ್ಬುಗಳನ್ನು ಹಾಕಿದ ಸೀರೀಸ್ ಬೋರ್ಡ್ (ವಿದ್ಯುತ್ತು ಬಲ್ಬಿನ ಮೂಲಕವೇ ಹಾದುಹೋಗುವ ಬೋರ್ಡು) ಮತ್ತು ಸಾಧ್ಯವಾದರೆ ಇನ್ಸುಲೇಶನ್ನಿನ ರೋಧ ಅಳೆಯುವ 500 ವೋಲ್ಟಿನ ಮೆಗ್ಗರ್ ಸಾಕು. 400 ವೋಲ್ಟಿನ ಶಾಕ್ 230 ವೋಲ್ಟಿನದಕ್ಕಿಂತ ಬಹಳ ಹೆಚ್ಚು ಮಾರಕ. ಬಿಚ್ಚುವ, ಜೋಡಿಸುವ ಪ್ರತಿ ಹಂತದಲ್ಲೂ ಮೇನ್ ಸ್ವಿಚ್ ಆಫ್ ಮಾಡಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ತಂತಿ ಮುಟ್ಟಬೇಕು. ಮೈಕ್ರೋವೇವ್ ಒಲೆಯಿಂದ ಕಳಚಿದ, 2000 ವೋಲ್ಟಿಗೂ ಮೀರಿ ಕೊಡುವ ಟ್ರಾನ್ಸ್‌ಫಾರ್ಮರುಗಳು ಗುಜರಿಯಲ್ಲಿ ಸಿಗುತ್ತವೆ. ಅವು ಜೀವ ತೆಗೆಯುವಂಥವು, ಈ ಬರಹದ ಯಾವ ಕೆಲಸಕ್ಕೂ ಬರುವಂಥವಲ್ಲ.

ಮೊದಲು ಇನ್‌ಪುಟ್, ಅದೂ ಲೋಡ್ ಇರುವಾಗ

ಔಟ್‌ಪುಟ್ ಕಡಿಮೆಯಿದೆ ಎಂದ ಕೂಡಲೇ ಎಲ್ಲರೂ ಮೀಟರಿನ ಕಡ್ಡಿಗಳನ್ನು ಔಟ್‌ಪುಟ್ ಟರ್ಮಿನಲ್ಲಿಗೆ ಹಿಡಿಯುತ್ತಾರೆ. ಹಿಡಿಯಬೇಕಾದದ್ದು ಇನ್‌ಪುಟ್ ಟರ್ಮಿನಲ್ಲಿಗೆ. ಒಮ್ಮೆ ಲೋಡ್ ಇಲ್ಲದೆ, ಇನ್ನೊಮ್ಮೆ ಪಂಪೋ ಯಂತ್ರವೋ ಓಡುತ್ತಿರುವಾಗ. ಎರಡು ಓದುಗಳ ನಡುವಿನ ವ್ಯತ್ಯಾಸವೇ ದೋಷ ಯಾವ ಕಡೆಯಿದೆ ಎಂಬುದನ್ನು ಬಹುಪಾಲು ತಿಳಿಸಿಬಿಡುತ್ತದೆ. ಟ್ರಾನ್ಸ್‌ಫಾರ್ಮರ್ ವಿದ್ಯುತ್ ಶಕ್ತಿಯನ್ನು ಹುಟ್ಟಿಸುವುದಿಲ್ಲ. ವೋಲ್ಟೇಜನ್ನು ಎಷ್ಟು ಪಟ್ಟು ಏರಿಸುತ್ತದೆಯೋ ಅಷ್ಟು ಪಟ್ಟು ಹೆಚ್ಚಿನ ಕರೆಂಟನ್ನು ಲೈನಿನಿಂದ ಎಳೆಯುತ್ತದೆ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಟಿ.ಸಿ.ಯ ಬಳಿ 235 ವೋಲ್ಟ್ ಇದೆ, ಅಲ್ಲಿಂದ ತೋಟದವರೆಗೆ ಹೋಗಿ ಬರುವ ತಂತಿಯ ಒಟ್ಟು ರೋಧ 6 ಓಮ್, ಪಂಪ್ ಎಳೆಯುವ ಕರೆಂಟು 6 ಆಂಪಿಯರ್ ಎಂದಿಟ್ಟುಕೊಳ್ಳೋಣ. ತಂತಿಯಲ್ಲಿ 36 ವೋಲ್ಟ್ ಕಳೆದು ಪಂಪಿಗೆ 199 ವೋಲ್ಟ್ ಸಿಗುತ್ತದೆ. ಇದನ್ನು ಸರಿಪಡಿಸಲು ತೋಟದಲ್ಲಿ 200ನ್ನು 230ಕ್ಕೆ ಏರಿಸುವ, ಅಂದರೆ 1.15 ಪಟ್ಟಿನ, ಟ್ರಾನ್ಸ್‌ಫಾರ್ಮರ್ ಹಾಕಿದರೆ ಲೈನಿನ ಕರೆಂಟು 6.9 ಆಂಪಿಯರಿಗೆ ಏರುತ್ತದೆ, ಇನ್‌ಪುಟ್ ಸುಮಾರು 194ಕ್ಕೆ ಕುಸಿಯುತ್ತದೆ, ಔಟ್‌ಪುಟ್‌ನಲ್ಲಿ ನಿರೀಕ್ಷಿಸಿದ 230ರ ಬದಲು 223ರ ಹತ್ತಿರ ಮಾತ್ರ ನಿಲ್ಲುತ್ತದೆ. ಟ್ರಾನ್ಸ್‌ಫಾರ್ಮರಿನ ಒಳಗಿನ ನಷ್ಟವನ್ನೂ ಸೇರಿಸಿದರೆ ಇನ್ನೂ ಕಡಿಮೆ. ಇಲ್ಲಿ ಯಾವುದೂ ಕೆಟ್ಟಿಲ್ಲ. ಒಂದೇ ಲೈನಿನಲ್ಲಿ ನೆರೆಯ ತೋಟದವರೂ ಇದೇ ಉಪಾಯ ಮಾಡಿದರೆ, ಒಬ್ಬೊಬ್ಬರ ಬೂಸ್ಟರ್ (ವೋಲ್ಟೇಜ್ ಏರಿಸುವ ಈ ಟ್ರಾನ್ಸ್‌ಫಾರ್ಮರ್) ಇನ್ನೊಬ್ಬರ ಇನ್‌ಪುಟ್ಟನ್ನು ಇಳಿಸುತ್ತ ಹೋಗುತ್ತದೆ.

ಇದೇ ಲೆಕ್ಕದ ಇನ್ನೊಂದು ಮುಖ ಹೆಚ್ಚು ಹಾನಿಕರವಾದದ್ದು. ಪಂಪ್ ನಿಂತು ತಂತಿಯಲ್ಲಿ ಕರೆಂಟು ಹರಿಯದಿದ್ದಾಗ ಇನ್‌ಪುಟ್ 235ಕ್ಕೆ ಮರಳುತ್ತದೆ, ಆಗ ಅದೇ 1.15 ಪಟ್ಟಿನ ಟ್ರಾನ್ಸ್‌ಫಾರ್ಮರ್ 270 ವೋಲ್ಟ್ ಕೊಡುತ್ತದೆ. ರಾತ್ರಿ ಹತ್ತರ ನಂತರ ಎಲ್.ಇ.ಡಿ. ಬಲ್ಬುಗಳು ಒಂದೊಂದಾಗಿ ಸುಡುತ್ತಿವೆ, ಮೊಬೈಲ್ ಚಾರ್ಜರ್ ಹೋಯಿತು ಎಂಬ ದೂರು ಬಂದಲ್ಲಿ ಬಲ್ಬಿನ ಗುಣಮಟ್ಟವನ್ನು ದೂರುವ ಮೊದಲು ಈ ಓದನ್ನು ತೆಗೆದುಕೊಳ್ಳಬೇಕು. ಸ್ಥಿರ ಅನುಪಾತದ ಬೂಸ್ಟರನ್ನು ಪಂಪಿನ ಸ್ಟಾರ್ಟರ್ ಜೊತೆಗೇ ಆನ್ ಆಗಿ ಆಫ್ ಆಗುವಂತೆ ಜೋಡಿಸಬೇಕೇ ಹೊರತು ಇಡೀ ಮನೆಗೆ ಸೇರಿಸಬಾರದು. ಮನೆಗೆ ಬೇಕಾದದ್ದು ತಾನಾಗಿಯೇ ಟ್ಯಾಪ್ (ಸುರುಳಿಯ ನಡುವಿನಿಂದ ಹೊರತೆಗೆದ ಜೋಡಣೆಯ ತುದಿ) ಬದಲಿಸುವ, ಹೆಚ್ಚು ವೋಲ್ಟೇಜಿಗೆ ಕಡಿತಗೊಳಿಸುವ ವ್ಯವಸ್ಥೆಯಿರುವ ಸ್ಟೆಬಿಲೈಸರ್.

ಲೋಡ್ ಇಲ್ಲದಿರುವಾಗಲೂ ಇನ್‌ಪುಟ್ ಇಳಿದೇ ಇದ್ದರೆ, ಬೇರೆಯವರ ಬಳಕೆಯಿಂದ ಇಡೀ ಲೈನ್ ಕುಸಿದಿದೆ ಎಂದರ್ಥ. ಅದು ಹೆಸ್ಕಾಂಗೆ ದೂರು ಕೊಡಬೇಕಾದ ವಿಷಯ. ಲೋಡ್ ಹಾಕಿದಾಗ ಮಾತ್ರ ಇಳಿದರೆ ಮೀಟರ್ ಬೋರ್ಡಿನಲ್ಲೂ ಅಷ್ಟೇ ಇಳಿಯುತ್ತದೆಯೇ ನೋಡಬೇಕು. ಮೀಟರ್ ಬಳಿ 225 ಇದ್ದು ಟ್ರಾನ್ಸ್‌ಫಾರ್ಮರಿನ ಬಳಿ 200 ಇದ್ದರೆ ದೋಷ ನಿಮ್ಮದೇ ಆವರಣದ ತಂತಿಯಲ್ಲಿದೆ. ಅಂಥಲ್ಲಿ ದಪ್ಪ ತಂತಿ ಎಳೆಯುವುದು ಬೂಸ್ಟರಿಗಿಂತ ಉತ್ತಮ ಪರಿಹಾರ, ಹಲವು ಬಾರಿ ಅಗ್ಗದ್ದೂ ಹೌದು.

ಹಳ್ಳದ ಟರ್ಬೈನ್ ಇದ್ದಲ್ಲಿ

ದೂರಕ್ಕೆ ಕಳಿಸುವ ಮುನ್ನ ವೋಲ್ಟೇಜ್ ಏರಿಸಬೇಕೆಂಬ ತತ್ತ್ವ ಕೈಗಾ ಸ್ಥಾವರಕ್ಕೂ ತೋಟದ ಹಳ್ಳಕ್ಕೂ ಒಂದೇ. ಆದರೆ ಸಣ್ಣ ಪ್ರಮಾಣದಲ್ಲಿ ಲಾಭ ಯಾವಾಗ ಹುಟ್ಟುತ್ತದೆ ಎಂಬುದನ್ನು ಮೊದಲೇ ಎಣಿಸದಿದ್ದರೆ, ಟ್ರಾನ್ಸ್‌ಫಾರ್ಮರ್ ಹಾಕಿದ ಮೇಲೂ ಮನೆಯಲ್ಲಿ ಬೆಳಕು ಹೆಚ್ಚಲಿಲ್ಲ ಎಂಬ ದೂರು ತಪ್ಪಿದ್ದಲ್ಲ. 500 ಮೀಟರು ದೂರಕ್ಕೆ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದರೆ ಹೋಗಿ ಬರುವ ರೋಧ ಸುಮಾರು 7.4 ಓಮ್. 1 ಕಿಲೋವಾಟನ್ನು 230 ವೋಲ್ಟಿನಲ್ಲಿ ಕಳಿಸಿದರೆ 4.35 ಆಂಪಿಯರ್ ಹರಿದು ತಂತಿಯಲ್ಲಿ 140 ವಾಟ್ ನಷ್ಟವಾಗುತ್ತದೆ; 460 ವೋಲ್ಟಿಗೆ ಏರಿಸಿದರೆ ನಷ್ಟ ಕಾಲು ಭಾಗಕ್ಕೆ, ಅಂದರೆ 35 ವಾಟಿಗೆ ಇಳಿಯುತ್ತದೆ. ಆದರೆ ಹಳ್ಳದ ಬಳಿ ಏರಿಸಲು ಒಂದು, ಮನೆಯ ಬಳಿ ಇಳಿಸಲು ಇನ್ನೊಂದು ಟ್ರಾನ್ಸ್‌ಫಾರ್ಮರ್ ಬೇಕು. ಎರಡೂ ಶೇ. 95 ದಕ್ಷತೆಯವೆಂದುಕೊಂಡರೂ ಅವುಗಳ ನಷ್ಟವೇ ಸುಮಾರು 100 ವಾಟ್ ಆಗಿ, ಉಳಿತಾಯ ಏನೂ ಉಳಿಯುವುದಿಲ್ಲ. ಅದೇ ತಂತಿಯಲ್ಲಿ 2 ಕಿಲೋವಾಟ್ ಕಳಿಸುವಾಗ ಲೆಕ್ಕ ಬದಲಾಗುತ್ತದೆ: 230 ವೋಲ್ಟಿನಲ್ಲಿ 560 ವಾಟ್ ನಷ್ಟ, 460ರಲ್ಲಿ ತಂತಿಯ 140 ಮತ್ತು ಟ್ರಾನ್ಸ್‌ಫಾರ್ಮರುಗಳ ಸುಮಾರು 200 ಸೇರಿ 340 ವಾಟ್ ನಷ್ಟ. ನನ್ನ ಅಭಿಪ್ರಾಯದಲ್ಲಿ 1 ಕಿಲೋವಾಟಿನೊಳಗಿನ ಟರ್ಬೈನುಗಳಿಗೆ ಅರ್ಧ ಕಿಲೋಮೀಟರಿನವರೆಗೆ ಟ್ರಾನ್ಸ್‌ಫಾರ್ಮರಿನ ಹಣವನ್ನು ತಂತಿಗೇ ಹಾಕುವುದು ಲೇಸು.

ಟರ್ಬೈನಿಗೆ ಜೋಡಿಸಿದ ಟ್ರಾನ್ಸ್‌ಫಾರ್ಮರ್ ಅತಿಯಾಗಿ ಗುಂಯ್‌ಗುಟ್ಟಿ ಬಿಸಿಯಾದರೆ ಮೀಟರಿನಲ್ಲಿ ಹರ್ಟ್ಜ್, ಅಂದರೆ ಆವರ್ತನ, ನೋಡಬೇಕು. ಟ್ರಾನ್ಸ್‌ಫಾರ್ಮರಿನ ಒಳಗಿನ ಕಬ್ಬಿಣ (ಕೋರ್) ಎಷ್ಟು ಕಾಂತತ್ವ ಹೊರಬೇಕೆಂಬುದು ವೋಲ್ಟೇಜನ್ನು ಆವರ್ತನದಿಂದ ಭಾಗಿಸಿದ ಸಂಖ್ಯೆಯನ್ನು ಅವಲಂಬಿಸಿದೆ. ವೋಲ್ಟೇಜನ್ನು ನಿಯಂತ್ರಕವೊಂದು 230ಕ್ಕೆ ಹಿಡಿದಿಟ್ಟು, ನೀರು ಕಡಿಮೆಯಾಗಿ ಆವರ್ತನ ಮಾತ್ರ 42 ಹರ್ಟ್ಜಿಗೆ ಇಳಿದರೆ ಕೋರ್ ತನ್ನ ಮಿತಿ ಮೀರುತ್ತದೆ. ಭಟ್ಕಳದ ಕಡೆ ಕೊಲ್ಲಿ ದೇಶಗಳಿಂದ ತಂದ ಟ್ರಾನ್ಸ್‌ಫಾರ್ಮರುಗಳಲ್ಲೂ ಇದೇ ತೊಂದರೆ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಸೌದಿ ಅರೇಬಿಯಾದಲ್ಲಿ ವಿದ್ಯುತ್ತು 60 ಹರ್ಟ್ಜಿನದು. 220 ವೋಲ್ಟ್ 60 ಹರ್ಟ್ಜ್ ಎಂದು ಮಾತ್ರ ಬರೆದಿರುವ ಟ್ರಾನ್ಸ್‌ಫಾರ್ಮರಿಗೆ ನಮ್ಮ 230 ವೋಲ್ಟ್ 50 ಹರ್ಟ್ಜ್ ಕೊಟ್ಟರೆ ಕೋರಿನ ಮೇಲಿನ ಹೊರೆ ಶೇ. 25ರಷ್ಟು ಹೆಚ್ಚುತ್ತದೆ. ಲೋಡ್ ಇಲ್ಲದೆಯೇ ಬಿಸಿಯಾಗುವುದು ಇದರ ಗುರುತು. 50/60 ಹರ್ಟ್ಜ್ ಎಂದು ಬರೆದಿದ್ದರೆ ಚಿಂತೆಯಿಲ್ಲ.

ಸ್ವಿಚ್ ಹಾಕಿದ ಕೂಡಲೇ ಎಂ.ಸಿ.ಬಿ. ಬಿದ್ದರೆ

ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಪ್ರತಿ ಸಲವೂ ಬೀಳುತ್ತದೆಯೇ ಅಥವಾ ಕೆಲವೊಮ್ಮೆ ಮಾತ್ರವೇ ಎಂಬುದು. ಟ್ರಾನ್ಸ್‌ಫಾರ್ಮರ್ ಆನ್ ಆಗುವ ಕ್ಷಣದಲ್ಲಿ ಎ.ಸಿ. ಅಲೆ ಯಾವ ಹಂತದಲ್ಲಿರುತ್ತದೆ ಎಂಬುದರ ಮೇಲೆ ಮೊದಲ ಕೆಲವು ಆವರ್ತಗಳಲ್ಲಿ ನುಗ್ಗುವ ಕರೆಂಟು ನಿರ್ಧಾರವಾಗುತ್ತದೆ. ಅದು ಪೂರ್ಣ ಲೋಡಿನ ಕರೆಂಟಿನ ಹತ್ತು, ಹದಿನೈದು ಪಟ್ಟು ತಲುಪಬಹುದು, ಏನೂ ಆಗದೆಯೂ ಹೋಗಬಹುದು. ಹೀಗಾಗಿ ನಾಲ್ಕು ಸಲ ನಿಂತು ಐದನೆಯ ಸಲ ಬೀಳುವ ಎಂ.ಸಿ.ಬಿ. ಟ್ರಾನ್ಸ್‌ಫಾರ್ಮರಿನ ದೋಷವನ್ನು ತೋರಿಸುವುದಿಲ್ಲ. ಮನೆಗಳಲ್ಲಿ ಹಾಕುವ ಬಿ ವರ್ಗದ ಎಂ.ಸಿ.ಬಿ. 3ರಿಂದ 5 ಪಟ್ಟಿಗೆ, ಸಿ ವರ್ಗದ್ದು 5ರಿಂದ 10 ಪಟ್ಟಿಗೆ ತಕ್ಷಣ ಬೀಳುತ್ತದೆ. ಟ್ರಾನ್ಸ್‌ಫಾರ್ಮರಿಗೆ 10ರಿಂದ 20 ಪಟ್ಟು ತಡೆಯುವ ಡಿ ವರ್ಗದ್ದನ್ನು ಹಾಕಬೇಕು. ಆಂಪಿಯರ್ ಹೆಚ್ಚಿರುವ ಎಂ.ಸಿ.ಬಿ. ಹಾಕಿ ಪಾರಾಗುವ ಪದ್ಧತಿ ತಂತಿಯನ್ನು ಸುಡುತ್ತದೆ. ಉಂಗುರದಾಕಾರದ ಟೊರಾಯ್ಡ್ ಟ್ರಾನ್ಸ್‌ಫಾರ್ಮರುಗಳಲ್ಲಿಯೂ, ಸ್ಟೆಪ್ ಡೌನನ್ನು (ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರನ್ನು) ತಿರುಗಿಸಿ, ಅಂದರೆ ಔಟ್‌ಪುಟ್ ಕಡೆಗೆ ವಿದ್ಯುತ್ ಕೊಟ್ಟು, ಬಳಸಿದಾಗಲೂ ಈ ನುಗ್ಗು ಕರೆಂಟು ಇನ್ನೂ ಹೆಚ್ಚು.

ಪ್ರತಿ ಸಲವೂ ಬೀಳುತ್ತಿದ್ದರೆ ಔಟ್‌ಪುಟ್ ತಂತಿಗಳನ್ನು ಪೂರ್ತಿ ಕಳಚಿ, ಇನ್‌ಪುಟ್ಟನ್ನು ಸೀರೀಸ್ ಬೋರ್ಡಿನ 200 ವಾಟ್ ಬಲ್ಬಿನ ಮೂಲಕ ಕೊಡಬೇಕು. ಒಳ್ಳೆಯ ಟ್ರಾನ್ಸ್‌ಫಾರ್ಮರಾದರೆ ಬಲ್ಬು ಒಮ್ಮೆ ಮಿನುಗಿ ಆರುತ್ತದೆ ಅಥವಾ ಮಂದ ಕೆಂಪಾಗಿ ನಿಲ್ಲುತ್ತದೆ. ಪೂರ್ಣ ಪ್ರಕಾಶದಿಂದ ಉರಿದರೆ ಸುರುಳಿಯ ಸುತ್ತುಗಳು ಒಳಗೆ ಒಂದಕ್ಕೊಂದು ತಗುಲಿವೆ, ಅಥವಾ ಇನ್‌ಪುಟ್ಟನ್ನು ತಪ್ಪು ಟ್ಯಾಪಿಗೆ ಕೊಡಲಾಗಿದೆ, ಅಥವಾ ಎರಡು ಭಾಗಗಳ ಪ್ರೈಮರಿಯನ್ನು (ಇನ್‌ಪುಟ್ ಸುರುಳಿಯನ್ನು) ಎದುರುಬದುರಾಗಿ ಜೋಡಿಸಲಾಗಿದೆ. ಮೂರನೆಯದು ಗುಜರಿಯ ಟ್ರಾನ್ಸ್‌ಫಾರ್ಮರುಗಳಲ್ಲಿ ಬಹಳ ಸಾಮಾನ್ಯ. 0-115, 0-115 ಎಂಬ ಎರಡು ಸುರುಳಿಗಳನ್ನು 230ಕ್ಕಾಗಿ ಸರಣಿಯಲ್ಲಿ ಜೋಡಿಸುವಾಗ ಒಂದರ ಕೊನೆ ಇನ್ನೊಂದರ ಆರಂಭಕ್ಕೆ ಸೇರಬೇಕು. ಕೊನೆಗೆ ಕೊನೆಯನ್ನು ಸೇರಿಸಿದರೆ ಎರಡರ ಕಾಂತತ್ವ ಪರಸ್ಪರ ಅಳಿಸಿಹೋಗಿ ಸುರುಳಿ ಬರಿಯ ತಂತಿಯಂತೆ ವರ್ತಿಸುತ್ತದೆ. ಇದೇ ತಪ್ಪು ಸೆಕೆಂಡರಿಯಲ್ಲಿ (ಔಟ್‌ಪುಟ್ ಸುರುಳಿಯಲ್ಲಿ) ಆದರೆ ಎಂ.ಸಿ.ಬಿ. ಬೀಳುವುದಿಲ್ಲ, ಔಟ್‌ಪುಟ್ ಮಾತ್ರ ಸೊನ್ನೆಯ ಹತ್ತಿರ ಇರುತ್ತದೆ.

ಗುರುತು ಅಳಿಸಿಹೋದ ಟ್ರಾನ್ಸ್‌ಫಾರ್ಮರಿನ ಟರ್ಮಿನಲ್ಲುಗಳನ್ನು ಊಹೆಯಿಂದ 230ಕ್ಕೆ ಜೋಡಿಸಬಾರದು. ಮೊದಲು ಓಮ್ ಅಳೆದು ಯಾವ ತುದಿಗಳು ಒಂದೇ ಸುರುಳಿಯವೆಂದು ಗುರುತಿಸಿ, ರೋಧ ಹೆಚ್ಚಿರುವ ಸುರುಳಿಗೆ ಸಣ್ಣ ಟ್ರಾನ್ಸ್‌ಫಾರ್ಮರಿನಿಂದ 12 ವೋಲ್ಟ್ ಎ.ಸಿ. ಕೊಟ್ಟು ಉಳಿದವುಗಳಲ್ಲಿ ಎಷ್ಟು ಬರುತ್ತದೆಂದು ಬರೆದುಕೊಳ್ಳಬೇಕು. ಅನುಪಾತವೂ ದಿಕ್ಕೂ ಇಷ್ಟರಲ್ಲೇ ತಿಳಿಯುತ್ತವೆ.

ವೋಲ್ಟೇಜ್ ಬರುತ್ತದೆ, ಸಾಲುವುದಿಲ್ಲ

ಲೋಡ್ ಇಲ್ಲದಾಗ ಇನ್‌ಪುಟ್ ಸರಿಯಿದ್ದೂ ಔಟ್‌ಪುಟ್ ಶೇ. 5ರಿಂದ 10ರಷ್ಟು ಕಡಿಮೆಯಿದ್ದರೆ, ನಿಮ್ಮ ಕೈಯಲ್ಲಿರುವುದು ತಿರುಗಿಸಿ ಜೋಡಿಸಿದ ಸ್ಟೆಪ್ ಡೌನ್ ಆಗಿರುವ ಸಂಭವವೇ ಹೆಚ್ಚು. ಹಳೆಯ ಕಂಟ್ರೋಲ್ ಪ್ಯಾನೆಲ್ಲುಗಳಿಂದ ಬರುವ 415/230 ಟ್ರಾನ್ಸ್‌ಫಾರ್ಮರುಗಳು ಹುಬ್ಬಳ್ಳಿಯ ಗುಜರಿಗಳಲ್ಲಿ ತೂಕದ ಲೆಕ್ಕದಲ್ಲಿ ಸಿಗುವುದರಿಂದ ಇವುಗಳ ಬಳಕೆ ಹೆಚ್ಚು. ತಯಾರಕರು ಪೂರ್ಣ ಲೋಡಿನಲ್ಲಿ 230 ಬರಲೆಂದು ಸೆಕೆಂಡರಿಗೆ ಒಂದಷ್ಟು ಸುತ್ತುಗಳನ್ನು ಹೆಚ್ಚಿಗೆ ಹಾಕಿರುತ್ತಾರೆ. ಆ ಹೆಚ್ಚುವರಿ ಶೇ. 5 ಆಗಿದ್ದರೆ, ತಿರುಗಿಸಿದಾಗ 415ರ ಬದಲು 395 ಬರುತ್ತದೆ, ಪೂರ್ಣ ಲೋಡಿನಲ್ಲಿ 375ಕ್ಕೆ ಇಳಿಯುತ್ತದೆ. 12 ಅಥವಾ 24 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರುಗಳಲ್ಲಿ ಈ ಹೆಚ್ಚುವರಿ ಇನ್ನೂ ದೊಡ್ಡದು. 400 ಅಥವಾ 380 ಎಂದು ಬರೆದ ಟ್ಯಾಪ್ ಇದ್ದರೆ ತಿರುಗಿಸಿದಾಗ ಅದು ಇನ್ನೂ ಕಡಿಮೆ ಕೊಡುತ್ತದೆ ಎಂಬುದನ್ನು ಮರೆಯಬಾರದು. ಹೆಚ್ಚು ಬೇಕಿದ್ದರೆ 440ರ ಟ್ಯಾಪ್ ಇರುವುದನ್ನು ಹುಡುಕಬೇಕು.

ಲೋಡ್ ಇಲ್ಲದಾಗ ಸರಿಯಿದ್ದು ಲೋಡಿನಲ್ಲಿ ಮಾತ್ರ ಕುಸಿದರೆ, ಇನ್‌ಪುಟ್ ಸ್ಥಿರವಾಗಿದೆಯೆಂದು ಖಾತ್ರಿಯಾದ ಮೇಲೆ, ಸಾಮರ್ಥ್ಯ ಮತ್ತು ಜೋಡುಗಳನ್ನು ನೋಡಬೇಕು. ಮೋಟಾರು ಏಳುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುವುದರಿಂದ, ಓಡುವ ಲೋಡಿಗೆ ಸರಿಹೊಂದುವ ಕೆ.ವಿ.ಎ. (ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯದ ಅಳತೆ) ಅದನ್ನು ಎಬ್ಬಿಸಲು ಸಾಲದೆ ಹೋಗಬಹುದು. 415 ವೋಲ್ಟಿನ ವೆಲ್ಡಿಂಗ್ ಯಂತ್ರ 12 ಆಂಪಿಯರ್ ಎಳೆದರೆ 230ರ ಕಡೆ 21 ಆಂಪಿಯರಿಗೂ ಹೆಚ್ಚು ಬೇಕು. ಸಾಮಾನ್ಯ ಮನೆಯ ಸಾಕೆಟ್ಟಿಗೂ ಅದರ ತಂತಿಗೂ ಅದನ್ನು ಹೊರುವ ಶಕ್ತಿಯಿಲ್ಲ. ಮಂಜೂರಾದ ಲೋಡನ್ನು ಮೀರಿದರೆ ಮೊದಲು ಸಂಪರ್ಕದ ಲೋಡನ್ನು ಹೆಚ್ಚಿಸಿಕೊಳ್ಳಬೇಕಾಗುತ್ತದೆ. ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು: ಸಿಂಗಲ್ ಫೇಸ್ 230ನ್ನು 415ಕ್ಕೆ ಏರಿಸಿದರೆ ಸಿಗುವುದು 415 ವೋಲ್ಟಿನ ಸಿಂಗಲ್ ಫೇಸೇ ಹೊರತು ಮೂರು ಫೇಸ್ ಅಲ್ಲ. ಎರಡು ಫೇಸಿನ ನಡುವೆ ಜೋಡಿಸುವ ವೆಲ್ಡಿಂಗ್ ಟ್ರಾನ್ಸ್‌ಫಾರ್ಮರ್ ಅದರಲ್ಲಿ ನಡೆಯುತ್ತದೆ, ಮೂರು ಫೇಸಿನ ಮೋಟಾರು ನಡೆಯುವುದಿಲ್ಲ. ಅದಕ್ಕೆ ಸಿಂಗಲ್ ಫೇಸ್ ಇನ್‌ಪುಟ್ಟಿನ ವಿ.ಎಫ್.ಡಿ. (ಮೂರು ಫೇಸ್ ತಯಾರಿಸಿ ಮೋಟಾರನ್ನು ನಡೆಸುವ ಎಲೆಕ್ಟ್ರಾನಿಕ್ ಸಾಧನ) ಬೇಕು.

ಕರಾವಳಿಯಲ್ಲಿ ಜೋಡುಗಳೇ ದೊಡ್ಡ ಶತ್ರು. ಬೈತಖೋಲ್, ತದಡಿ, ಕಾಸರಕೋಡಿನಂಥ ಬಂದರುಗಳ ಬಳಿ ಉಪ್ಪಿನ ಗಾಳಿಗೆ ತಾಮ್ರದ ಲಗ್ಗುಗಳು (ತಂತಿಯ ತುದಿಗೆ ಹಾಕುವ ಲೋಹದ ಹಿಡಿಕೆಗಳು) ಹಸಿರುಗಟ್ಟುತ್ತವೆ. ಅಲ್ಯೂಮಿನಿಯಂ ತಂತಿಯನ್ನು ನೇರವಾಗಿ ತಾಮ್ರಕ್ಕೆ ಸುತ್ತಿದ ಜೋಡಂತೂ ಒಂದು ಮಳೆಗಾಲ ಕಳೆಯುವುದರೊಳಗೆ ಬಿಳಿ ಪುಡಿಯಾಗಿ ಸಡಿಲವಾಗುತ್ತದೆ. ಇಂಥ ಜೋಡಿನ ರೋಧ ಅರ್ಧ ಓಮ್ ಆಗಿದ್ದರೂ 10 ಆಂಪಿಯರ್ ಹರಿಯುವಾಗ 5 ವೋಲ್ಟ್ ಕಳೆದು, ಆ ಒಂದೇ ಬಿಂದುವಿನಲ್ಲಿ 50 ವಾಟ್ ಶಾಖ ಹುಟ್ಟುತ್ತದೆ. ಇದನ್ನು ಓಮ್ ಅಳೆದು ಹುಡುಕುವುದು ಕಷ್ಟ. ಲೋಡ್ ಓಡುತ್ತಿರುವಾಗ ಜೋಡಿನ ಈಚೆಗೂ ಆಚೆಗೂ ಮೀಟರಿನ ಎರಡು ಕಡ್ಡಿಗಳನ್ನು ಹಿಡಿದು ವೋಲ್ಟ್ ನೋಡಬೇಕು. ಕಾಲು ವೋಲ್ಟಿಗಿಂತ ಹೆಚ್ಚು ಕಂಡರೆ ಆ ಜೋಡನ್ನು ಬಿಚ್ಚಿ, ಉಜ್ಜಿ, ತವರ ಲೇಪಿಸಿದ ಲಗ್ಗಿನಿಂದ ಮತ್ತೆ ಬಿಗಿಯಬೇಕು. ಅಲ್ಯೂಮಿನಿಯಂ ಸೇರುವಲ್ಲಿ ಎರಡು ಲೋಹಗಳ ಬೈಮೆಟಲ್ ಲಗ್ಗನ್ನೇ ಬಳಸಬೇಕು.

ಬೂಸ್ಟ್ ಜೋಡಣೆ ಮತ್ತು ಆಟೋ ಟ್ರಾನ್ಸ್‌ಫಾರ್ಮರಿನ ಅಪಾಯ

30 ವೋಲ್ಟಿನಷ್ಟು ಮಾತ್ರ ಏರಿಸಬೇಕಾದವರು ದೊಡ್ಡ ಟ್ರಾನ್ಸ್‌ಫಾರ್ಮರ್ ಕೊಳ್ಳುವ ಅಗತ್ಯವೇ ಇಲ್ಲ. 230/30 ವೋಲ್ಟಿನ ಸಾಧಾರಣ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯನ್ನು ಫೇಸಿನೊಂದಿಗೆ ಸರಣಿಯಲ್ಲಿ ಜೋಡಿಸಿದರೆ, 10 ಆಂಪಿಯರಿನ ಲೋಡಿಗೆ 300 ವಿ.ಎ. ಗಾತ್ರದ್ದು ಸಾಕಾಗುತ್ತದೆ. ಆ ಸೆಕೆಂಡರಿಯ ಇನ್ಸುಲೇಶನ್ ಮಾತ್ರ ಮೇನ್ ವೋಲ್ಟೇಜನ್ನು ಟ್ರಾನ್ಸ್‌ಫಾರ್ಮರಿನ ಲೋಹದ ಬಾಡಿಯ ಕಡೆಗೆ ಸೋರದಂತೆ ತಡೆಯುವಂಥದಾಗಿರಬೇಕು. ಜೋಡಿಸಿದ ಮೇಲೆ ವೋಲ್ಟೇಜ್ ಏರುವ ಬದಲು 30ರಷ್ಟು ಇಳಿದರೆ ಸೆಕೆಂಡರಿಯ ಎರಡು ತುದಿಗಳನ್ನು ಅದಲುಬದಲು ಮಾಡಿದರಾಯಿತು.

ಈ ಜೋಡಣೆಯಲ್ಲಾಗಲಿ, ಇನ್‌ಪುಟ್ ಔಟ್‌ಪುಟ್ ಎರಡಕ್ಕೂ ಒಂದೇ ಸುರುಳಿಯಿರುವ ಆಟೋ ಟ್ರಾನ್ಸ್‌ಫಾರ್ಮರಿನಲ್ಲಾಗಲಿ ಇನ್‌ಪುಟ್ ಮತ್ತು ಔಟ್‌ಪುಟ್ ಪ್ರತ್ಯೇಕವಾಗಿರುವುದಿಲ್ಲ. 230ನ್ನು 415ಕ್ಕೆ ಏರಿಸುವ ಆಟೋ ಟ್ರಾನ್ಸ್‌ಫಾರ್ಮರಿಗೆ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾದರೆ, ನ್ಯೂಟ್ರಲ್ ಎಂದು ನಂಬಿದ ತಂತಿಯಲ್ಲಿ ನೆಲದ ಎದುರು 230 ವೋಲ್ಟ್, ಇನ್ನೊಂದರಲ್ಲಿ 185 ವೋಲ್ಟ್ ಇರುತ್ತದೆ. ಎರಡರ ನಡುವೆ 415 ಸರಿಯಾಗಿಯೇ ಬರುವುದರಿಂದ ಯಂತ್ರ ಓಡುತ್ತದೆ, ತಪ್ಪು ತಿಳಿಯುವುದಿಲ್ಲ. ಹಾಗಾಗಿ ಇದಕ್ಕೆ ತಿರುಗಿಸಿ ಚುಚ್ಚಬಹುದಾದ ಪ್ಲಗ್ಗನ್ನು ಬಳಸದೆ ಸ್ಥಿರ ಜೋಡಣೆ ಮಾಡಿ, ಎರಡೂ ತಂತಿಗಳನ್ನು ಕಡಿತಗೊಳಿಸುವ ಡಬಲ್ ಪೋಲ್ ಸ್ವಿಚ್ ಹಾಕಬೇಕು.

ಪ್ರತ್ಯೇಕ ಸೆಕೆಂಡರಿಯಿರುವ ಟ್ರಾನ್ಸ್‌ಫಾರ್ಮರಿನಲ್ಲಿ ಬೇರೊಂದು ಗೊಂದಲ ಬರುತ್ತದೆ. ನೆಲಕ್ಕೆ ಸೇರಿಸದ ಸೆಕೆಂಡರಿಯ ಯಾವುದೇ ತುದಿಯಿಂದ ಅರ್ತ್‌ಗೆ ಡಿಜಿಟಲ್ ಮೀಟರ್ ಹಿಡಿದರೆ ಅರ್ಥವಿಲ್ಲದ ಓದುಗಳು ಕಾಣಿಸುತ್ತವೆ, ಟೆಸ್ಟರ್ ಎರಡೂ ಕಡೆ ಮಿನುಗಬಹುದು, ಅದು ಸೋರಿಕೆಯಲ್ಲ. ಆದರೆ ಇನ್‌ಪುಟ್ ಕಡೆಯ ಆರ್.ಸಿ.ಸಿ.ಬಿ. (ಕರೆಂಟು ನೆಲಕ್ಕೆ ಸೋರಿದರೆ ಕಡಿತಗೊಳಿಸುವ ಸ್ವಿಚ್) ಸೆಕೆಂಡರಿಯ ಕಡೆ ಆಗುವ ಶಾಕಿಗೆ ಬೀಳುವುದಿಲ್ಲವೆಂಬುದು ನಿಜವಾದ ಅಪಾಯ. ಕಾಯಂ ಬಳಕೆಗೆ ಸೆಕೆಂಡರಿಯ ಒಂದು ತುದಿಯನ್ನು ಅರ್ತ್ ಮಾಡಿ, ಅದರ ನಂತರ ಬೇರೆ ಆರ್.ಸಿ.ಸಿ.ಬಿ. ಹಾಕುವ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು.

ಮಳೆಗಾಲದ ತೇವ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಳಕೆಯಿಲ್ಲದೆ ಪಂಪ್‌ಹೌಸಿನಲ್ಲಿ ಬಿದ್ದಿದ್ದ ಟ್ರಾನ್ಸ್‌ಫಾರ್ಮರಿಗೆ ನೇರವಾಗಿ ವಿದ್ಯುತ್ ಕೊಡುವುದು ಅದನ್ನು ಕೊಲ್ಲುವ ಖಚಿತ ದಾರಿ. 500 ವೋಲ್ಟಿನ ಮೆಗ್ಗರಿನಿಂದ ಪ್ರೈಮರಿ ಮತ್ತು ಬಾಡಿ, ಸೆಕೆಂಡರಿ ಮತ್ತು ಬಾಡಿ, ಹಾಗೆಯೇ ಪ್ರತ್ಯೇಕ ಸುರುಳಿಗಳಿರುವಲ್ಲಿ ಅವೆರಡರ ನಡುವೆ ಅಳೆಯಬೇಕು. 1 ಮೆಗಾಓಮಿಗಿಂತ ಕಡಿಮೆ ಬಂದರೆ ವಿದ್ಯುತ್ ಕೊಡಬಾರದು. ಒಣಗಿರುವ ಒಳ್ಳೆಯ ಸುರುಳಿ ಹತ್ತಾರು, ನೂರಾರು ಮೆಗಾಓಮ್ ತೋರಿಸುತ್ತದೆ. ಒಣಗಿಸಲು ಗಾಳಿಯಾಡುವ ಪೆಟ್ಟಿಗೆಯೊಳಗಿಟ್ಟು ಪಕ್ಕದಲ್ಲಿ ಒಂದೆರಡು 100 ವಾಟಿನ ಬಲ್ಬು ಉರಿಸಿದರೆ ಸಾಕು, ನೇರ ಬೆಂಕಿಯ ಶಾಖ ಬೇಡ. ಕಾಯತೊಡಗಿದಾಗ ಮೆಗ್ಗರಿನ ಓದು ಮೊದಲು ಇನ್ನಷ್ಟು ಇಳಿಯುತ್ತದೆ, ಏಕೆಂದರೆ ಬಿಸಿಯಾದಂತೆ ಇನ್ಸುಲೇಶನ್ನಿನ ರೋಧ ತಗ್ಗುತ್ತದೆ, ಒಳಗಿನ ತೇವವೂ ಹೊರಕ್ಕೆ ಸರಿಯುತ್ತಿರುತ್ತದೆ. ಇಲ್ಲಿ ಹೆದರಿ ನಿಲ್ಲಿಸಬಾರದು. ನಂತರ ಅದು ಏರತೊಡಗಿ ಒಂದು ಮಟ್ಟದಲ್ಲಿ ಸ್ಥಿರವಾದ ಮೇಲೆ, ತಣ್ಣಗಾಗಲು ಬಿಟ್ಟು ಮತ್ತೊಮ್ಮೆ ಅಳೆದು, ವಾರ್ನಿಶ್ ಬಳಿದು ಬಳಕೆಗೆ ತರಬಹುದು. ಎಷ್ಟೇ ಕಾಯಿಸಿದರೂ ಏರದಿದ್ದರೆ ತೇವಕ್ಕಿಂತ ಉಪ್ಪಿನ ಪದರವೋ ಸುಟ್ಟ ಇನ್ಸುಲೇಶನ್ನೋ ಕಾರಣವಾಗಿರುತ್ತದೆ.

ಇಷ್ಟೆಲ್ಲ ನೋಡಿಯೂ ಸೀರೀಸ್ ಬಲ್ಬು ಪ್ರಕಾಶವಾಗಿ ಉರಿಯುತ್ತಿದ್ದರೆ ಅಥವಾ ಮೆಗ್ಗರ್ ಏಳದಿದ್ದರೆ ರಿವೈಂಡಿಂಗ್ ಬಿಟ್ಟು ಬೇರೆ ದಾರಿಯಿಲ್ಲ. ಅರ್ಧ ಕೆ.ವಿ.ಎ.ಗಿಂತ ಚಿಕ್ಕದಕ್ಕೆ ರಿವೈಂಡಿಂಗಿನ ಖರ್ಚು ಹೊಸದರ ಬೆಲೆಗೆ ಹತ್ತಿರ ಹೋಗುವುದರಿಂದ ಅದನ್ನು ಗುಜರಿಗೆ ಹಾಕುವುದೇ ಸರಿ. ದೊಡ್ಡದನ್ನು ಶಿರಸಿಯಲ್ಲೋ ಹುಬ್ಬಳ್ಳಿಯಲ್ಲೋ ಸುತ್ತಿಸುವಾಗ, ಲೋಡ್ ಇಲ್ಲದ ಮತ್ತು ಪೂರ್ಣ ಲೋಡಿನ ಸಮಯದ ನಿಮ್ಮ ಇನ್‌ಪುಟ್ ವೋಲ್ಟೇಜ್, ಪೂರ್ಣ ಲೋಡಿನಲ್ಲಿ ಬೇಕಾದ ಔಟ್‌ಪುಟ್, ನಿರಂತರ ಕರೆಂಟು ಮತ್ತು ಮೋಟಾರು ಏಳುವಾಗಿನ ಕರೆಂಟನ್ನು ಬರೆದು ಕೊಡಬೇಕು; ಔಟ್‌ಪುಟ್ಟಿಗೆ ಶೇ. 5ರ ಅಂತರದ ಎರಡು ಹೆಚ್ಚುವರಿ ಟ್ಯಾಪ್ ಕೇಳಿ ಹಾಕಿಸಿಕೊಳ್ಳಬೇಕು. ತಾಮ್ರವೆಂದು ಹೇಳಿ ಅಲ್ಯೂಮಿನಿಯಂ ಸುತ್ತುವುದೂ ಉಂಟು. ಅದರ ರೋಧ ತಾಮ್ರಕ್ಕಿಂತ ಸುಮಾರು 1.6 ಪಟ್ಟು ಹೆಚ್ಚಾದ್ದರಿಂದ, ಅದೇ ದಪ್ಪದ ತಂತಿಯಲ್ಲಿ ವೋಲ್ಟೇಜ್ ಕುಸಿತವೂ ಬಿಸಿಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತವೆ. ವಾರ್ನಿಶ್ ಹಾಕುವ ಮೊದಲೇ ತಂತಿಯ ತುದಿಯೊಂದನ್ನು ಕೆರೆದು ಬಣ್ಣ ನೋಡಿಕೊಳ್ಳುವುದು ಸುಲಭ, ಹಾಕಿದ ಮೇಲೆ ತೂಕದಿಂದಲೇ ಅಂದಾಜಿಸಬೇಕಾಗುತ್ತದೆ.